ಉತಾರದಿಂದ ಗಣಕಯಂತ್ರದವರೆಗೆ

ನಮ್ಮ ಭಾಗದ ರೈತರು ಬಹಳ ಜೋಪಾನವಾಗಿಡುವ ಕಾಗದವೆಂದರೆ ಹೊಲದ ಉತಾರ. ನಾಗನೂರಿನ ಹಿರಿಯರು ಉತಾರ ಎನ್ನುವುದನ್ನೇ ಮೈಸೂರು ಕಡೆಯವರು ಪಹಣಿ ಎನ್ನುತ್ತಾರೆ. ಈ ಎರಡು ಹೆಸರುಗಳ ಹಿಂದೆ ಒಂದು ಇತಿಹಾಸವಿದೆ.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಆಡಳಿತಗಳ ದಫ್ತರಗಳು ಒಂದೆಡೆ ಸೇರಿದವು. ಮುಂಬಯಿ ಪದ್ಧತಿಯಲ್ಲಿ ಹಕ್ಕಿಗೆ 7ನೇ ನಮೂನೆ, ಬೆಳೆಗೆ 12ನೇ ನಮೂನೆ ಇದ್ದವು. ನಮ್ಮಲ್ಲಿ ಎಕರೆಗೆ 40 ಗುಂಟೆ. ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡದಲ್ಲಿ ಎಕರೆಗೆ 100 ಸೆಂಟ್ಸ್. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ತಂದಿತು. ಮುಂದೆ ಹಕ್ಕು, ಗೇಣಿ, ಬೆಳೆ ಮೂರೂ ಒಂದೇ ಪಹಣಿಯ ಅಂಕಣಗಳಾದವು.

ಮಾಹಿತಿಯನ್ನು ಅಂಕಣಗಳ ಕೋಷ್ಟಕವಾಗಿ ಗಣಕಯಂತ್ರದಲ್ಲಿಡುವ ಸಿದ್ಧಾಂತವನ್ನು ಇ. ಎಫ್. ಕಾಡ್ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದರು. ಕೋಷ್ಟಕದ ಚೌಕಟ್ಟಿಗೆ ‘ಸ್ಕೀಮಾ’ ಎಂದೂ, ಒಂದು ಚೌಕಟ್ಟಿನ ಅಂಕಣವನ್ನು ಇನ್ನೊಂದರ ಅಂಕಣಕ್ಕೆ ಹೊಂದಿಸುವುದಕ್ಕೆ ‘ಮ್ಯಾಪಿಂಗ್’ ಎಂದೂ ಹೆಸರು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಈ ಕೆಲಸಕ್ಕೆ ದೊಡ್ಡ ಉದಾಹರಣೆ.

ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ? ತಲಾಠಿ 2-20 ಎಂದು ಬರೆದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ ದಶಮಾಂಶವೆಂದು 2.20 ಎಂದು ಓದಿದರೆ 2 ಎಕರೆ 8 ಗುಂಟೆ ಆಗುತ್ತದೆ. ಅಂಕಿ ಒಂದೂ ಬದಲಾಗದೆ 12 ಗುಂಟೆ ಹೊಲ ಮಾಯ!

ಊರಿನ ಹೆಸರಿನದೂ ಇದೇ ಕಥೆ. ನಾಗನೂರ ಎಂಬ ಊರು ಮೂಡಲಗಿ ತಾಲ್ಲೂಕಿನಲ್ಲಿದೆ, ಹುಕ್ಕೇರಿ ತಾಲ್ಲೂಕಿನಲ್ಲೂ ಇದೆ. ಬರೀ ಹೆಸರಿನಿಂದ ಹೊಲ ಹುಡುಕಲಾಗದು; ತಾಲ್ಲೂಕು, ಹೋಬಳಿ, ಸರ್ವೆ ನಂಬರು, ಹಿಸ್ಸಾ ಎಲ್ಲವೂ ಬೇಕು. ಮೂಡಲಗಿಯಾದರೋ ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು. ಆದ್ದರಿಂದ ಅಜ್ಜನ ಕಾಗದದಲ್ಲಿ ಗೋಕಾಕ, ಮೊಮ್ಮಗನ ಪಹಣಿಯಲ್ಲಿ ಮೂಡಲಗಿ. ಹೊಲ ಮಾತ್ರ ಇದ್ದಲ್ಲೇ ಇದೆ. ಹಳೆಯದಕ್ಕೂ ಹೊಸದಕ್ಕೂ ಇರುವ ಈ ಸಂಬಂಧವನ್ನು ದಾಖಲೆಯಲ್ಲಿ ಉಳಿಸದಿದ್ದರೆ ಆ ಮೊಮ್ಮಗ ತನ್ನ ಹಕ್ಕನ್ನು ತೋರಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಗಣಕಯಂತ್ರ ಬರೆದುಕೊಟ್ಟದ್ದನ್ನು ಹಿಡಿದಿಡುತ್ತದೆ. ಅದರ ಅರ್ಥವನ್ನು ನಾವೇ ತಿಳಿಸಬೇಕು. ಕಂಪ್ಯೂಟರ್ ಕಲಿಯುವವರು ಒಮ್ಮೆ ಮನೆಯ ಹಳೆಯ ಉತಾರವನ್ನು ಹಿರಿಯರೊಂದಿಗೆ ಕುಳಿತು ಓದಿರಿ. ಎರಡೂ ದಫ್ತರಗಳ ಭಾಷೆ ಬಲ್ಲವನೇ ಒಂದರಿಂದ ಇನ್ನೊಂದಕ್ಕೆ ಹಕ್ಕನ್ನು ಸುರಕ್ಷಿತವಾಗಿ ದಾಟಿಸಬಲ್ಲ.