ಕಾಲು ಸುಟ್ಟ ಬೆಕ್ಕು: ಒಂದು ಅರಿವು ಬೆಳೆದ ಬಗೆ

ಒಂದು ಕಡೆ ನಿಲ್ಲದೆ ಚಡಪಡಿಸುವವರನ್ನು ಕಂಡರೆ ‘ಕಾಲು ಸುಟ್ಟ ಬೆಕ್ಕಿನ ಹಾಗೆ’ ಅನ್ನುತ್ತೇವೆ. ಮನುಷ್ಯನ ತಳಮಳ ಹೇಳಲು ಬೆಕ್ಕು ಬೇಕು. ಬೆಕ್ಕಿನದೇ ತಳಮಳ ಕಣ್ಣೆದುರು ಬಂದಾಗ ಮಾತ್ರ ಅದನ್ನು ಸೊಕ್ಕು ಅನ್ನುತ್ತೇವೆ, ಸೇಡು ಅನ್ನುತ್ತೇವೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ದ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟುಬರುವುದನ್ನು ಸನ್ನತಿಯಿಂದ ಚಿಂಚೋಳಿಯವರೆಗೆ ಪಶುವೈದ್ಯನಾಗಿ ಓಡಾಡಿದ ಈ ಮೂವತ್ತು ವರ್ಷ ನೋಡುತ್ತಲೇ ಬಂದಿದ್ದೇನೆ. ಈಚೆಗೆ ಇನ್ನೊಂದು ನಂಬಿಕೆ ಬಂದಿದೆ: ಒತ್ತಡ ಇದ್ದರೆ ಒಂದು ಸ್ಪ್ರೇ ತಂದರಾಯಿತು ಎಂದು. ಈ ಎರಡೂ ತಪ್ಪೆಂದು ತಿಳಿಯಲು ಬೆಕ್ಕಿನ ಒತ್ತಡದ ಶಾಸ್ತ್ರ ನಡೆದುಬಂದ ದಾರಿಯನ್ನು ಒಮ್ಮೆ ನೋಡಬೇಕು.

ಮೊದಲ ಘಟ್ಟವನ್ನು ಬೇಗ ದಾಟಬಹುದು. 19ನೇ ಶತಮಾನದ ಕೊನೆಯಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಕ್ಷ-ಕಿರಣದಲ್ಲಿ ಬೆಕ್ಕಿನ ಜೀರ್ಣಕ್ರಿಯೆ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಜಠರದ ಚಲನೆ ನಿಂತುಹೋಗುತ್ತಿತ್ತು. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳ ಮೇಲೆ ನಡೆಸಿದ ಕೆಲಸದಿಂದ ಒತ್ತಡ ಎಂಬುದೇ ಒಂದು ಶಾಸ್ತ್ರವಾಯಿತು. 1950ರ ದಶಕದಲ್ಲಿ ಜರ್ಮನಿಯ ಪಾಲ್ ಲೈಹೌಸೆನ್ ಬೆಕ್ಕಿನ ಕಿವಿ, ಬೆನ್ನು, ಬಾಲ ಏನು ಹೇಳುತ್ತವೆ ಎಂದು ಬಿಡಿಸಿ ತೋರಿಸಿದರು. ಆದರೂ ಸಾಕಿದವರ ಮನೆಯೊಳಗೆ ಯಾರೂ ಇನ್ನೂ ಇಣುಕಿರಲಿಲ್ಲ.

1980ರ ದಶಕದಲ್ಲಿ ಐಲೀನ್ ಕಾರ್ಷ್ ಮಾಡಿದ ಕೆಲಸ ನಮಗೆ ಹತ್ತಿರದ್ದು. ಹುಟ್ಟಿ ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಮನುಷ್ಯರಿಗೆ ಅಂಜುವುದು ಕಡಿಮೆ ಎಂದು ಅವರು ತೋರಿಸಿದರು. ನಮ್ಮ ಹಿರಿಯರು ಅಟ್ಟದ ಮೇಲಿನ ಮರಿ ಮುಟ್ಟಬೇಡಿ, ತಾಯಿ ಏಳು ಮನೆ ತಿರುಗಿಸುತ್ತದೆ ಅನ್ನುತ್ತಿದ್ದರು. ತಾಯಿಬೆಕ್ಕಿನ ಅಂಜಿಕೆ ಅವರಿಗೆ ಗೊತ್ತಿತ್ತು. ಆದರೆ ಮರಿಗೆ ಬೇಕಾಗಿದ್ದ ಕೈ ಸಿಗದೆ ಆ ಏಳು ವಾರ ಕಳೆದುಹೋಗುತ್ತಿದ್ದವು. 1997ರಲ್ಲಿ ಕೆಸ್ಲರ್ ಮತ್ತು ಟರ್ನರ್ ಬೆಕ್ಕಿನ ಒತ್ತಡ ಅಳೆಯಲು ಏಳು ಮೆಟ್ಟಿಲಿನ ಅಳತೆಪಟ್ಟಿ ಕೊಟ್ಟರು. ಮುದುಡಿ ಕೂತದ್ದು, ಅರಳಿದ ಪಾಪೆ, ಮಲಗಿದ ಕಿವಿ, ಇವು ಲೆಕ್ಕಕ್ಕೆ ಬಂದವು.

ನನ್ನ ಕಣ್ಣು ತೆರೆಸಿದ್ದು ಒಹಾಯೊದ ಟೋನಿ ಬಫಿಂಗ್ಟನ್. ನಾವು ಕಲಿಯುವಾಗ, ಬೆಕ್ಕು ರಕ್ತ ಬೆರೆತ ಉಚ್ಚೆಯನ್ನು ಹನಿಹನಿಯಾಗಿ ಹೊಯ್ದರೆ ಸೋಂಕು ಅನ್ನುತ್ತಿದ್ದೆವು, ಇಲ್ಲವೆ ಹರಳು ಅನ್ನುತ್ತಿದ್ದೆವು. ಎರಡೂ ಸಿಗದ ಬೆಕ್ಕುಗಳೇ ಬಹಳ. ಅಂಥವುಗಳ ಮೂತ್ರಕೋಶದ ಉರಿಯೂತಕ್ಕೂ ಅವು ಬದುಕುವ ಮನೆಗೂ ನಂಟಿದೆ ಎಂದು ಬಫಿಂಗ್ಟನ್ ವರ್ಷಗಟ್ಟಲೆ ವಾದಿಸಿದರು. 2006ರಲ್ಲಿ 46 ಸಾಕುಬೆಕ್ಕುಗಳ ಮನೆಗಳಲ್ಲಿ ಅಡಗುವ ಜಾಗ, ಏರುವ ಜಾಗ, ಆಟ, ಮರಳಿನ ತಟ್ಟೆ ಎಲ್ಲವನ್ನೂ ತಿದ್ದಿಸಿ ಹತ್ತು ತಿಂಗಳು ಗಮನಿಸಿದರು. ಉಚ್ಚೆಯ ತೊಂದರೆ ಇಳಿಯಿತು, ಅಂಜಿಕೆಯೂ ಇಳಿಯಿತು. 2011ರಲ್ಲಿ ಜೂಡಿ ಸ್ಟೆಲ್ಲಾ ಮತ್ತು ಬಫಿಂಗ್ಟನ್ 12 ಆರೋಗ್ಯವಂತ ಬೆಕ್ಕುಗಳನ್ನೂ 20 ರೋಗಿಬೆಕ್ಕುಗಳನ್ನೂ 77 ವಾರ ನೋಡಿದರು. ನೋಡಿಕೊಳ್ಳುವವರು ಬದಲಾದರೆ, ಹೊತ್ತು ಏರುಪೇರಾದರೆ ಆರೋಗ್ಯವಂತ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿದವು, ಕಂಡಲ್ಲಿ ಹೊಯ್ದವು. ನಾವು ಸೇಡು ಅನ್ನುವುದು ಇದನ್ನೇ.

ವಾಡಿಯ ಖಣಿಯ ಹತ್ತಿರದ ಒಂದು ಮನೆ. ಹಳೆಯ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದ್ದರು. ತೊಳೆದ ಶಾಬಾದಿ ಕಲ್ಲಿನ ಮೇಲೆ ಕುಂಕುಮದ ನೀರಿನಂಥ ಮೂರು ಹನಿ. ಬೆಕ್ಕು ಅಲ್ಮೇರಾದ ಹಿಂದೆ ಗೋಡೆಗೆ ಅಂಟಿ ಕೂತಿತ್ತು. “ಬೇಕಂತನೇ ಮಾಡ್ತದ್ರಿ ಸರ, ಮೊದ್ಲ ಹಿಂಗ ಇದ್ದಿಲ್ರಿ,” ಅಂದರು ಮನೆಯ ತಾಯಿ. ಮಾತಾಡುತ್ತಿದ್ದಾಗಲೇ ಬ್ಲಾಸ್ಟಿಂಗ್ ಆಯಿತು. ಕಿಟಕಿಯ ಗಾಜು ಗಡಗಡ ಅಂದಿತು, ಬೆಕ್ಕಿನ ಬೆನ್ನಿನ ತೊಗಲು ಅಲೆ ಎದ್ದಂತೆ ನಡುಗಿತು. ಹಳೆ ಮನೆಯಲ್ಲಿ ಅದಕ್ಕೆ ಅಟ್ಟವಿತ್ತು, ತೊಗರಿ ಚೀಲಗಳ ಸಂದಿಯಿತ್ತು, ಹೊರಗೆ ಹಾರಲು ಬೆಳಕಿಂಡಿಯಿತ್ತು. ಹೊಸ ಮನೆಯಲ್ಲಿ ಅವು ಯಾವುವೂ ಇಲ್ಲ, ಕಿಟಕಿಗೆ ಜಾಳಿಗೆ ಬೇರೆ. ಅಲ್ಮೇರಾದ ಮೇಲೆ ಒಂದು ರಟ್ಟಿನ ಡಬ್ಬಿ, ಅದರೊಳಗೆ ಹಳೆಯ ತೊಗರಿ ಚೀಲ ಇಡಿಸಿದೆ. ಮರಳಿನ ತಟ್ಟೆಯನ್ನು ಊಟದ ತಟ್ಟೆಯಿಂದ ದೂರ ಸರಿಸಿದೆ. ನೋವಿಗೆ ಮದ್ದು ಕೊಟ್ಟೆ. ಮೂರು ವಾರಕ್ಕೆ ಹನಿ ನಿಂತಿತು. ಇದು ಹೆಣ್ಣುಬೆಕ್ಕು. ಗಂಡುಬೆಕ್ಕು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದರೆ ಮನೆ ತಿದ್ದುತ್ತ ಕೂರಬಾರದು. ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು, ತಡವಾದರೆ ಪ್ರಾಣವೇ ಹೋಗುತ್ತದೆ.

ಇನ್ನು ಸ್ಪ್ರೇ. ಬೆಕ್ಕು ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚುತ್ತದೆ. ಆ ವಾಸನೆ ಇರುವ ಕಡೆ ಅದಕ್ಕೆ ನೆಮ್ಮದಿ. ಫ್ರಾನ್ಸಿನ ಪ್ಯಾಟ್ರಿಕ್ ಪಾಜಾ ಅದರ ಕೃತಕ ರೂಪ ಕಂಡುಹಿಡಿದರು, 1990ರ ದಶಕದಲ್ಲಿ ಅದು ಮಾರಾಟಕ್ಕೆ ಬಂತು. ಇಂಥ ವಸ್ತುಗಳ ಬಗ್ಗೆ ಆದ ಅಧ್ಯಯನಗಳನ್ನೆಲ್ಲ 2010ರಲ್ಲಿ ಒಟ್ಟಿಗೆ ತೂಗಿ ನೋಡಿದವರಿಗೆ ಹೆಚ್ಚಿನ ಬಳಕೆಗಳಿಗೆ ಸಾಕಷ್ಟು ಆಧಾರ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ದಿನ ಬೆಳಗಾದರೆ ಫಿನಾಯಿಲ್ ಹಾಕಿ ನೆಲ, ಬಾಗಿಲು ಒರೆಸುತ್ತಾರೆ. ಬೆಕ್ಕಿನ ಸ್ವಂತ ವಾಸನೆ ಅಳಿಸಿ, ದುಡ್ಡು ಕೊಟ್ಟು ಅದರ ನಕಲು ತರುವುದು ಯಾವ ಚಿಕಿತ್ಸೆ? ಫಿನಾಯಿಲ್ ಬೆಕ್ಕಿಗೆ ವಿಷವೂ ಹೌದು. ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಆಶ್ರಯಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಹತ್ತಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಮೊದಲ ಕೆಲವೇ ದಿನಗಳಲ್ಲಿ ಉಳಿದವಕ್ಕಿಂತ ಬೇಗ ಸಮಾಧಾನಗೊಂಡವು. ಕಿರಾಣಿ ಅಂಗಡಿಯಲ್ಲಿ ಅಂಥ ಪೆಟ್ಟಿಗೆ ಕೇಳಿದರೆ ಸುಮ್ಮನೆ ಕೊಡುತ್ತಾರೆ.

2013ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇದನ್ನೇ: ಬೆಕ್ಕಿಗೆ ಸುರಕ್ಷಿತ ಮೂಲೆ, ದೂರದೂರ ಇಟ್ಟ ಊಟ-ನೀರು-ಮರಳು, ಬೇಟೆಯಂಥ ಆಟ, ಹದವಾದ ಒಡನಾಟ, ಮೂಗಿಗೆ ಮರ್ಯಾದೆ. ಆದರೆ ಆ ಮಾತು ಮುಖ್ಯವಾಗಿ ಪಶ್ಚಿಮದ ಮನೆಗಳನ್ನು ನೋಡಿ ಹೇಳಿದ್ದು. ಅರ್ಧ ದಿನ ನಮ್ಮ ಮನೆ, ಅರ್ಧ ದಿನ ಪಕ್ಕದ ಓಣಿ ಎಂದು ಬದುಕುವ, ತೊಗರಿ ಕಾಯುವ, ದಿನವೂ ನೆಲ ನಡುಗುವ ಊರಿನ ಬೆಕ್ಕಿನ ಬಗ್ಗೆ ಒಂದು ಅಧ್ಯಯನವೂ ನನ್ನ ಓದಿಗೆ ಸಿಕ್ಕಿಲ್ಲ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಇಲ್ಲಿಂದ ದೂರವೇನಲ್ಲ. ಖಣಿಯ ಮಗ್ಗುಲಿನ ಒಂದು ಊರು, ಸನ್ನತಿಯಂತೆ ಭೀಮಾ ದಂಡೆಯ ಒಂದು ಊರು ಆರಿಸಿಕೊಳ್ಳಲಿ. ಬೆಕ್ಕು ಉಂಡಿತೋ ಇಲ್ಲವೋ, ಎಲ್ಲಿ ಅಡಗಿತು, ಎಲ್ಲಿ ಹೊಯ್ದಿತು ಎಂದು 77 ವಾರ ಬರೆದಿಡಲು ಒಂದು ನೋಟ್‌ಬುಕ್ಕು ಸಾಕು. ವಾಡಿಯ ಆ ತಾಯಿ ಆಗಲೇ ಶುರುಮಾಡಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬ್ಲಾಸ್ಟಿಂಗ್ ಆದ ದಿನಕ್ಕೆ ಒಂದು ಗೆರೆ, ಬೆಕ್ಕು ಡಬ್ಬಿಯಿಂದ ಇಳಿಯದ ದಿನಕ್ಕೆ ಅದರ ಪಕ್ಕ ಒಂದು ಸೊನ್ನೆ.