ಬಡ ಕೂಲಿಕಾರರಿಗೆ ಉಚಿತ ವಕೀಲರು: ಯಾರಿಗೆ, ಎಲ್ಲಿ, ಹೇಗೆ?

'ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ' ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ವಕೀಲರ ಫೀಸು, ಕೋರ್ಟ್ ಶುಲ್ಕ, ಬಸ್ ಚಾರ್ಜು, ಹೋದ ದಿನದ ಕೂಲಿ ನಷ್ಟ, ಇವನ್ನೆಲ್ಲ ಲೆಕ್ಕ ಹಾಕಿ, ನ್ಯಾಯ ತಮ್ಮ ಕಡೆ ಇದ್ದರೂ ಸುಮ್ಮನಾಗುವ ಬಡವರು ಬಹಳ ಮಂದಿ. ಗಡಿಭಾಗದ ಕನ್ನಡಿಗರಿಗೆ ಇನ್ನೂ ಒಂದು ತೊಡಕು ಇದೆ. ಠಾಣೆ, ಕಚೇರಿಗಳ ಕಾಗದ ಪತ್ರಗಳು ಮಲಯಾಳ, ತಮಿಳು, ಮರಾಠಿ, ತೆಲುಗು ಇಲ್ಲವೇ ಇಂಗ್ಲಿಷಿನಲ್ಲಿ ಬರುತ್ತವೆ. ಸಂತೆಯಲ್ಲಿ ಆ ಭಾಷೆ ಸಲೀಸಾಗಿ ಆಡುವವರಿಗೂ ಕಾನೂನಿನ ಕಾಗದ ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ.

ಆದರೆ ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಕಾನೂನು ದೇಶದಲ್ಲಿ ಜಾರಿಗೆ ಬಂದು ಮೂರು ದಶಕ ಕಳೆದಿದೆ. ಇದು ಯಾರೋ ಮಾಡುವ ದಾನವಲ್ಲ, ಹಕ್ಕು. ಅದು ತಮಗೂ ಇದೆ ಎಂದು ತಿಳಿಯದೆ ಇರುವುದೇ ಬಡವರ ದೊಡ್ಡ ನಷ್ಟ.

ಹಕ್ಕು ಬಂದ ದಾರಿ

ಇದರ ಹಿಂದೆ ಕಾಸರಗೋಡಿಗೆ ದೂರವಲ್ಲದ ತಲಶ್ಶೇರಿಯ ಒಂದು ನಂಟಿದೆ. ಅಲ್ಲಿ ವಕೀಲಿ ಮಾಡುತ್ತ ರೈತರ, ಕಾರ್ಮಿಕರ ಪರ ವಾದಿಸಿದ್ದ ವಿ.ಆರ್. ಕೃಷ್ಣ ಅಯ್ಯರ್ 1957ರಲ್ಲಿ ಕೇರಳದ ಮಂತ್ರಿಯಾದರು, 1973ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಬಡವರಿಗೆ ಕಾನೂನು ನೆರವು ಹೇಗಿರಬೇಕು ಎಂದು ಅವರ ಅಧ್ಯಕ್ಷತೆಯ ಸಮಿತಿ 1973ರಲ್ಲಿ ವರದಿ ಕೊಟ್ಟಿತು. 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ಸರ್ಕಾರ ಉಚಿತ ಕಾನೂನು ನೆರವು ಒದಗಿಸಬೇಕು ಎಂಬುದು ಇದರ ಸಾರ.

1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡ ಕೈದಿಗಳ ಸಂಗತಿಯನ್ನು ಪತ್ರಿಕೆಯಲ್ಲಿ ಓದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಪ್ರಕರಣ. ಬಡ ಆರೋಪಿಗೆ ಉಚಿತ ವಕೀಲರನ್ನು ಕೊಡುವುದು ನ್ಯಾಯಯುತ ವಿಚಾರಣೆಯ ಭಾಗವೇ ಎಂದು ಕೋರ್ಟು ಹೇಳಿತು. ಸಾವಿರಾರು ಕೈದಿಗಳು ಹೊರಬಂದರು.

1986ರ ಸುಕ್ ದಾಸ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರುಣಾಚಲ ಪ್ರದೇಶದ ಈತ ಸಹಾಯಕ ಎಂಜಿನಿಯರೊಬ್ಬರಿಗೆ ಬೆದರಿಕೆ ಹಾಕಿದ ಆರೋಪ ಎದುರಿಸಿದ್ದ. ವಕೀಲರನ್ನು ಇಡುವ ಶಕ್ತಿ ಇರಲಿಲ್ಲ, ಉಚಿತ ವಕೀಲರನ್ನು ಕೇಳಬಹುದು ಎಂದು ಅವನಿಗೆ ಯಾರೂ ಹೇಳಲಿಲ್ಲ. ಎರಡು ವರ್ಷ ಶಿಕ್ಷೆಯಾಯಿತು. ಆರೋಪಿ ಕೇಳಲಿಲ್ಲ ಎಂಬುದು ನೆಪವಾಗದು, ಈ ಹಕ್ಕಿನ ಬಗ್ಗೆ ಅವನಿಗೆ ತಿಳಿಸುವುದು ನ್ಯಾಯಾಧೀಶರ ಕರ್ತವ್ಯ ಎಂದು ಹೇಳಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದು ಮಾಡಿತು.

1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂತು, 1995ರ ನವೆಂಬರ್ 9ರಂದು ಜಾರಿಯಾಯಿತು. ಆ ದಿನವನ್ನು ಈಗ ಕಾನೂನು ಸೇವಾ ದಿನವಾಗಿ ಆಚರಿಸುತ್ತಾರೆ.

ಯಾರಿಗೆ ಸಿಗುತ್ತದೆ?

ಕಾಯ್ದೆಯ 12ನೇ ಕಲಮಿನ ಪ್ರಕಾರ ಇವರು ಅರ್ಹರು:

* ಮಹಿಳೆಯರು ಮತ್ತು ಮಕ್ಕಳು
* ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು
* ಕೈಗಾರಿಕಾ ಕಾರ್ಮಿಕರು
* ಅಂಗವಿಕಲರು
* ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಒಳಗಾದವರು
* ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯ, ಕೈಗಾರಿಕಾ ದುರಂತಕ್ಕೆ ಸಿಕ್ಕಿದವರು
* ಬಂಧನದಲ್ಲಿ ಇರುವವರು
* ರಾಜ್ಯ ಸರ್ಕಾರ ಗೊತ್ತು ಮಾಡಿದ ಮಿತಿಗಿಂತ ಕಡಿಮೆ ಆದಾಯದವರು

ಆದಾಯದ ಮಿತಿ ಕೊನೆಯ ಗುಂಪಿಗೆ ಮಾತ್ರ. ಸೊಲ್ಲಾಪುರದ ಬೀಡಿ ಕಟ್ಟುವ ಮಹಿಳೆಯಾಗಲಿ, ನೀಲಗಿರಿಯ ಚಹಾ ತೋಟದ ಮಹಿಳೆಯಾಗಲಿ, ಮಹಿಳೆ ಎಂಬ ಕಾರಣಕ್ಕೇ ಅರ್ಹಳು. ಅವಳು ಆದಾಯದ ಸರ್ಟಿಫಿಕೇಟಿಗಾಗಿ ಅಲೆಯಬೇಕಿಲ್ಲ. ಆದಾಯದ ಆಧಾರದಲ್ಲಿ ಕೇಳುವವರ ಅಫಿಡವಿಟ್ಟನ್ನೂ ಸಾಕಷ್ಟು ಪುರಾವೆ ಎಂದು ಒಪ್ಪಲು ಕಾಯ್ದೆಯಲ್ಲಿ ಅವಕಾಶವಿದೆ.

ಏನೇನು ಉಚಿತ?

ವಕೀಲರ ಶುಲ್ಕ ಮಾತ್ರವಲ್ಲ. ಕೋರ್ಟ್ ಶುಲ್ಕ, ಸಮನ್ಸ್ ಖರ್ಚು, ದೃಢೀಕೃತ ನಕಲು ಪಡೆಯುವ ಖರ್ಚು, ಮೇಲ್ಮನವಿಯ ಕಾಗದ ಸಿದ್ಧಪಡಿಸುವುದು, ಕಾಗದ ಪತ್ರಗಳ ಭಾಷಾಂತರ, ಇವೂ ನೆರವಿನಲ್ಲಿ ಸೇರುತ್ತವೆ. ಗಡಿನಾಡಿನವರು ಭಾಷಾಂತರದ ವಿಷಯವನ್ನು ಮುಖ್ಯವಾಗಿ ನೆನಪಿಡಬೇಕು. ಸಿವಿಲ್, ಕ್ರಿಮಿನಲ್ ಎರಡೂ ಪ್ರಕರಣಗಳಿಗೆ ನೆರವು ಸಿಗುತ್ತದೆ. ಬಂಧಿತನಾದವನಿಗೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ಹಾಜರುಪಡಿಸಿದಾಗಲೇ ಈ ಹಕ್ಕು ಹುಟ್ಟುತ್ತದೆ ಎಂದು 1981ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರು ಯಾರು?

ಪ್ಯಾನೆಲ್ ವಕೀಲರು: ಇವರು ಸ್ವಂತ ವೃತ್ತಿ ನಡೆಸುತ್ತಲೇ ಪ್ರಾಧಿಕಾರ ವಹಿಸಿದ ಪ್ರಕರಣಗಳನ್ನೂ ನೋಡುತ್ತಾರೆ. ಇವರಿಗೆ ಪ್ರಾಧಿಕಾರವೇ ಶುಲ್ಕ ಕೊಡುತ್ತದೆ. ಕಕ್ಷಿದಾರರಿಂದ ಬಿಡಿಗಾಸೂ ಪಡೆಯುವಂತಿಲ್ಲ. ಹಣ ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ದೂರು ಕೊಡಬಹುದು.

ಪೂರ್ಣಾವಧಿ ವಕೀಲರು: ಕ್ರಿಮಿನಲ್ ಪ್ರಕರಣಗಳಲ್ಲಿ ಬಡ ಆರೋಪಿಗಳ ಪರ ವಾದಿಸುವುದಕ್ಕೆಂದೇ ನೇಮಕವಾದವರು. 2022ರಿಂದ ಹಲವು ಜಿಲ್ಲೆಗಳಲ್ಲಿ ಈ ವ್ಯವಸ್ಥೆ ಬಂದಿದೆ.

ಸ್ವಯಂಸೇವಾ ವಕೀಲರು: ಯಾವ ಶುಲ್ಕವನ್ನೂ ಪಡೆಯದೆ ಸ್ವಂತ ಇಚ್ಛೆಯಿಂದ ಬಡವರ ಪ್ರಕರಣ ನಡೆಸುವವರು. ಶಕ್ತಿ ಇದ್ದಷ್ಟು ಮಟ್ಟಿಗೆ ಬಡವರಿಗೆ ಉಚಿತ ನೆರವು ಕೊಡುವುದು ವಕೀಲರು ಸಮಾಜಕ್ಕೆ ಸಲ್ಲಿಸಬೇಕಾದ ದೊಡ್ಡ ಕರ್ತವ್ಯಗಳಲ್ಲಿ ಒಂದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಇಂಥ ವಕೀಲರನ್ನೂ ಬಡ ಕಕ್ಷಿದಾರರನ್ನೂ ಜೋಡಿಸಲು ಕೇಂದ್ರದ ನ್ಯಾಯ ಇಲಾಖೆ 2017ರಲ್ಲಿ ಆರಂಭಿಸಿದ ಯೋಜನೆಗೆ 'ನ್ಯಾಯ ಬಂಧು' ಎಂದು ಹೆಸರು.

ಇವರಲ್ಲದೆ ಅರೆ ಕಾನೂನು ಸ್ವಯಂಸೇವಕರು ಇದ್ದಾರೆ. ಇವರು ವಕೀಲರಲ್ಲ, ತರಬೇತಿ ಪಡೆದ ಊರವರು. ಅರ್ಜಿ ಬರೆದುಕೊಡುವುದು, ಕಚೇರಿಗೆ ದಾರಿ ತೋರಿಸುವುದು ಇವರ ಕೆಲಸ. ಗಡಿಭಾಗದಲ್ಲಿ ಎರಡೂ ಭಾಷೆ ಬಲ್ಲ ಸ್ವಯಂಸೇವಕರು ಇದ್ದರೆ ಅರ್ಧ ಕಷ್ಟ ಕಡಿಮೆಯಾದಂತೆ.

ಅರ್ಜಿ ಹಾಕುವುದು ಹೇಗೆ?

ಜಿಲ್ಲಾ ನ್ಯಾಯಾಧೀಶರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರು. ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿಗಳಿವೆ. ತಾಳವಾಡಿಯವರಿಗೆ ಈರೋಡ್, ಜತ್ತದವರಿಗೆ ಸಾಂಗಲಿ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ಜಿಲ್ಲಾ ಕೇಂದ್ರ. ಅಷ್ಟು ದೂರ ಹೋಗಲಾಗದವರು ರಾಷ್ಟ್ರೀಯ ಪ್ರಾಧಿಕಾರದ ಉಚಿತ ದೂರವಾಣಿ 15100ಕ್ಕೆ ಕರೆ ಮಾಡಬಹುದು, ಇಂಟರ್‌ನೆಟ್ ಮೂಲಕವೂ ಅರ್ಜಿ ಹಾಕಬಹುದು.

ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಕಚೇರಿಯವರೇ ಅರ್ಜಿ ತುಂಬಿಕೊಳ್ಳಬೇಕು. ಏಳು ದಿನದೊಳಗೆ ತೀರ್ಮಾನ ಆಗಬೇಕು. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು.

ಭಾಷೆಯ ಬಗ್ಗೆ ಹಿಂಜರಿಕೆ ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಕುಂದುಕೊರತೆಯ ಮನವಿಯನ್ನು ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕ್ರಿಮಿನಲ್ ವಿಚಾರಣೆಯಲ್ಲಿ ಸಾಕ್ಷಿ ನುಡಿದದ್ದು ಆರೋಪಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ, ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೋರ್ಟಿನಲ್ಲೇ ವಿವರಿಸಬೇಕು ಎಂಬುದೂ ಕಾನೂನು.

ಮನೆ ಇಲ್ಲಿ, ಕೆಲಸ ಅಲ್ಲಿ

ಗಡಿಯ ಹಳ್ಳಿಗಳವರು ದುಡಿಯಲು ಗಡಿ ದಾಟಿ ಮಂಗಳೂರು, ಬೆಂಗಳೂರು, ಬಳ್ಳಾರಿಗೆ ಹೋಗುತ್ತಾರೆ. ತಕರಾರು ಬಂದರೆ ಯಾವ ರಾಜ್ಯದಲ್ಲಿ ಕೇಳಬೇಕು ಎಂಬುದೇ ಪ್ರಶ್ನೆ. ರಸ್ತೆ ಅಪಘಾತವಾದರೆ ಪರಿಹಾರದ ಅರ್ಜಿಯನ್ನು ಗಾಯಾಳು ಅಥವಾ ಮೃತರ ಮನೆಯವರು ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಹಾಕಬಹುದು. ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಕೆಲಸದ ಜಾಗದಲ್ಲಿ ಪೆಟ್ಟಾದರೂ ವಾಸದ ಊರಿನ ವ್ಯಾಪ್ತಿಯಲ್ಲಿ ಪರಿಹಾರ ಕೇಳಲು ಅವಕಾಶವಿದೆ.

ಕೂಲಿ ಬಾಕಿಯ ಅರ್ಜಿಯನ್ನು ಮಾತ್ರ ಸಾಮಾನ್ಯವಾಗಿ ಕೆಲಸ ಮಾಡಿದ ಕಡೆಯೇ ಹಾಕಬೇಕಾಗುತ್ತದೆ. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಆ ದಿನದ ಪಾಳಿ ಮುಗಿದಾಗಲೇ ಕೊಡಬೇಕು, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು. ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶವಿದೆ. ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಆದರೂ ಹಾಜರಿ ಚೀಟಿ, ಮೇಸ್ತ್ರಿಯ ಫೋನ್ ಸಂದೇಶ, ಬ್ಯಾಂಕಿನ ಪಾಸ್‌ಬುಕ್ ಜೋಪಾನವಾಗಿ ಇಟ್ಟುಕೊಂಡಿರಬೇಕು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಗೆ ಸಮ ಎಂದು 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಹಿ ಹಾಕುವ ಮುನ್ನ

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಆದರೆ ಅಲ್ಲಿನ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಮೂರು ಲಕ್ಷ ಬರಬೇಕಾದ ಕಡೆ ಮೂವತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ರಾಜಿ ಪತ್ರವನ್ನು ತಿಳಿಯುವ ಭಾಷೆಯಲ್ಲಿ ಪೂರ್ತಿ ಓದಿ ಹೇಳಿಸಿಕೊಳ್ಳಬೇಕು, ಮೊತ್ತವನ್ನು ಬಾಯಿಬಿಟ್ಟು ಕೇಳಬೇಕು, ಒಪ್ಪಿಗೆ ಇಲ್ಲದಿದ್ದರೆ ಬೇಡ ಎನ್ನಬೇಕು. ರಾಜಿಗೆ ಒಪ್ಪಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ರಾಜಿಯಾಗದ ಪ್ರಕರಣ ಮತ್ತೆ ಕೋರ್ಟಿಗೇ ಹೋಗುತ್ತದೆ.

ಉಚಿತ ವಕೀಲರು ಎಂದರೆ ಅಗ್ಗದ ವಕೀಲರು ಎಂಬ ಅಪನಂಬಿಕೆ ಜನರಲ್ಲಿ ಇದೆ. ಪ್ಯಾನೆಲ್ ವಕೀಲರಿಗೆ ಸಿಗುವ ಶುಲ್ಕ ಕಡಿಮೆ, ಕೆಲವರು ಅಸಡ್ಡೆ ಮಾಡುವುದೂ ಉಂಟು. ಹಾಗಾದಾಗ ಸುಮ್ಮನೆ ಮನೆಗೆ ಮರಳಬೇಕಿಲ್ಲ. ಪ್ರಾಧಿಕಾರಕ್ಕೆ ತಿಳಿಸಿ ಬೇರೆ ವಕೀಲರನ್ನು ಕೇಳಬಹುದು. ಸುಕ್ ದಾಸ್‌ಗೆ ತನ್ನ ಹಕ್ಕು ಗೊತ್ತಿರಲಿಲ್ಲ, ಶಿಕ್ಷೆ ರದ್ದಾಗಲು ದೆಹಲಿಯವರೆಗೆ ಹೋಗಬೇಕಾಯಿತು. ಗೊತ್ತಿದ್ದವರು ತಾಲೂಕು ಕೋರ್ಟಿನಲ್ಲೇ ಕೇಳಿ ಪಡೆಯಬಹುದು.