ಅಧಿಕಾರದ ಪ್ರಶ್ನೆಯಿಂದ ಹೊಣೆಯ ಪ್ರಶ್ನೆಗೆ: ಅಂತರರಾಷ್ಟ್ರೀಯ ಸಂಸ್ಥೆಗಳ ಕಾನೂನು ನಡೆದುಬಂದ ದಾರಿ

1948ರ ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಕೌಂಟ್ ಫೋಕ್ ಬೆರ್ನಾಡೊಟ್ ಅವರ ಕಾರನ್ನು ಬಂದೂಕುಧಾರಿಗಳು ಅಡ್ಡಗಟ್ಟಿ, ಅವರನ್ನು ಗುಂಡಿಕ್ಕಿ ಕೊಂದರು. ಪಕ್ಕದಲ್ಲಿ ಕೂತಿದ್ದ ಫ್ರೆಂಚ್ ಸೇನಾಧಿಕಾರಿ ಆಂಡ್ರೆ ಸೆರೋ ಅವರೂ ಸತ್ತರು. ಬೆರ್ನಾಡೊಟ್ ಸ್ವೀಡನ್ನಿನ ಪ್ರಜೆ. ತನ್ನ ಪ್ರಜೆಯ ಪರವಾಗಿ ಪರಿಹಾರ ಕೇಳುವ ಹಕ್ಕು ಸ್ವೀಡನ್ನಿಗೆ ಇದ್ದೇ ಇತ್ತು. ಆದರೆ ಅವರನ್ನು ಕೆಲಸಕ್ಕೆ ಕಳಿಸಿದ್ದ ವಿಶ್ವಸಂಸ್ಥೆಗೆ ಆ ಹಕ್ಕಿತ್ತೆ? ಅದು ರಾಷ್ಟ್ರವಲ್ಲ, ಅದಕ್ಕೆ ನೆಲವಿಲ್ಲ, ಪ್ರಜೆಗಳಿಲ್ಲ. ಪರಿಹಾರ ಕೊಡಬೇಕಾಗಿದ್ದ ಇಸ್ರೇಲ್ ಆಗಿನ್ನೂ ವಿಶ್ವಸಂಸ್ಥೆಯ ಸದಸ್ಯನೂ ಆಗಿರಲಿಲ್ಲ. ತನ್ನನ್ನು ಸೇರದ ದೇಶದ ಮೇಲೆ ಒಂದು ಸಂಸ್ಥೆ ಹಕ್ಕು ಸಾಧಿಸಬಹುದೆ ಎಂಬ ಪ್ರಶ್ನೆಯನ್ನು ಮಹಾಸಭೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದಿಟ್ಟಿತು.

1949ರ ಏಪ್ರಿಲ್ 11ರಂದು ಬಂದ ಸಲಹಾ ಅಭಿಪ್ರಾಯವೇ ಅಂತರರಾಷ್ಟ್ರೀಯ ಸಂಸ್ಥೆಗಳ ಕಾನೂನಿಗೆ ಇಂದಿಗೂ ಅಡಿಪಾಯ. ವಿಶ್ವಸಂಸ್ಥೆಗೆ ತನ್ನದೇ ಕಾನೂನು ವ್ಯಕ್ತಿತ್ವ ಇದೆ, ಸದಸ್ಯರಲ್ಲದ ರಾಷ್ಟ್ರಗಳ ಎದುರಿಗೂ ಅದು ನಿಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. ಸನ್ನದಿನಲ್ಲಿ ಅಕ್ಷರಶಃ ಬರೆಯದಿದ್ದರೂ, ಒಪ್ಪಿಸಿದ ಕೆಲಸ ಮಾಡಲು ಬೇಕೇಬೇಕಾದ ಅಧಿಕಾರ ಸಂಸ್ಥೆಗೆ ಇದ್ದೇ ಇರುತ್ತದೆ ಎಂಬುದು ಅದರ ಎರಡನೆಯ ಮಾತು. ಈ ಶಾಸ್ತ್ರದ ಮುಂದಿನ ಬೆಳವಣಿಗೆಯನ್ನೆಲ್ಲ ಈ ಎರಡು ಮಾತುಗಳ ವಿಸ್ತರಣೆ ಎಂದೂ, ಅವು ಬಾಕಿ ಬಿಟ್ಟ ಮೂರನೆಯ ಪ್ರಶ್ನೆಯ ಹುಡುಕಾಟ ಎಂದೂ ಓದಬಹುದು. ಆ ಮೂರನೆಯ ಪ್ರಶ್ನೆ ಇದು: ಹಕ್ಕು ಇರುವ ಸಂಸ್ಥೆಯೇ ತಪ್ಪು ಮಾಡಿದರೆ ಯಾರು ಕೇಳಬೇಕು, ಎಲ್ಲಿ ಕೇಳಬೇಕು?

ನದಿ, ತಂತಿ, ಅಂಚೆ

ಆರಂಭ ಮಾತ್ರ ಇಷ್ಟು ದೊಡ್ಡ ಪ್ರಶ್ನೆಗಳಿಂದ ಆದದ್ದಲ್ಲ. 1815ರ ವಿಯೆನ್ನಾ ಸಮ್ಮೇಳನ ರೈನ್ ನದಿಯ ಹಡಗು ಸಂಚಾರಕ್ಕೆ ಒಂದು ಕೇಂದ್ರ ಆಯೋಗ ರಚಿಸಿತು. ನದಿ ಹಲವು ರಾಜ್ಯಗಳ ನಡುವೆ ಹರಿಯುತ್ತಿದ್ದರಿಂದ ಸುಂಕ, ದಾರಿ, ದೋಣಿಗಳ ನಿಯಮಗಳನ್ನು ಎಲ್ಲರೂ ಕೂತು ಒಪ್ಪಿಕೊಳ್ಳಬೇಕಿತ್ತು. 1865ರಲ್ಲಿ ಪ್ಯಾರಿಸ್ಸಿನಲ್ಲಿ ಟೆಲಿಗ್ರಾಫ್ ಒಕ್ಕೂಟವೂ 1874ರಲ್ಲಿ ಬರ್ನ್‌ನಲ್ಲಿ ಅಂಚೆ ಒಕ್ಕೂಟವೂ ಹುಟ್ಟಿದವು. ಬ್ರಿಟಿಷ್ ಭಾರತ 1876ರಲ್ಲಿ ಅಂಚೆ ಒಕ್ಕೂಟ ಸೇರಿತು. ದೇಶವೊಂದು ಸ್ವತಂತ್ರವಾಗದೆಯೇ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಸ್ಥಾನ ಪಡೆಯುವ ವಿಚಿತ್ರಕ್ಕೆ ಇದೊಂದು ಉದಾಹರಣೆ. ಮುಂದೆ, ವಿಶ್ವಸಂಸ್ಥೆಗೂ ಮೊದಲಿನ ರಾಷ್ಟ್ರಸಂಘದಲ್ಲೂ ವಸಾಹತು ಭಾರತ ಮೂಲ ಸದಸ್ಯನಾಗಿತ್ತು.

ಈ ಒಕ್ಕೂಟಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೊದಲಿಗರಲ್ಲಿ ಅಮೆರಿಕದ ವಿದ್ವಾಂಸ ಪಾಲ್ ರೈನ್ಶ್ ಒಬ್ಬರು. ಸಾರ್ವಜನಿಕ ಅಂತರರಾಷ್ಟ್ರೀಯ ಒಕ್ಕೂಟಗಳ ಬಗ್ಗೆ ಅವರ ಪುಸ್ತಕ 1911ರಲ್ಲಿ ಬಂತು. ಆಗಿನ ಅಧ್ಯಯನ ಬಹುಮಟ್ಟಿಗೆ ವರ್ಣನೆ: ಯಾವ ಸಂಸ್ಥೆಯಲ್ಲಿ ಯಾವ ಸಮಿತಿ, ಎಷ್ಟು ಮತ, ಕಚೇರಿಯ ಖರ್ಚು ಯಾರದು. ರಾಜಕೀಯ ಬೇರೆ, ತಾಂತ್ರಿಕ ಕೆಲಸ ಬೇರೆ ಎಂಬ ನಂಬಿಕೆ ಇದರ ಹಿಂದಿತ್ತು. ಸಹಕಾರದ ಕೆಲಸ ಹೆಚ್ಚಿದಷ್ಟೂ ಯುದ್ಧ ಕಡಿಮೆಯಾಗುತ್ತದೆ ಎಂಬ ವಿಚಾರವನ್ನು ಡೇವಿಡ್ ಮಿಟ್ರನಿ 1943ರಲ್ಲಿ ಸಿದ್ಧಾಂತವಾಗಿಯೇ ಮಂಡಿಸಿದರು. ಸಂಸ್ಥೆ ಎಂದರೆ ಒಳ್ಳೆಯದೇ ಎಂಬ ಈ ಭರವಸೆ ಕಾನೂನಿನ ಓದಿನ ಮೇಲೂ ಬಹುಕಾಲ ನೆರಳು ಚಾಚಿತ್ತು.

ರಾಷ್ಟ್ರಸಂಘದ ಕಾಲದಲ್ಲಿ ಮೊದಲ ಬಾರಿಗೆ ನ್ಯಾಯಾಲಯವೊಂದು ಸಂಸ್ಥೆಗಳ ಅಧಿಕಾರವನ್ನು ಅಳೆಯತೊಡಗಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಾರ್ಖಾನೆಯ ಕಾರ್ಮಿಕರ ಬಗ್ಗೆ ಮಾತನಾಡಲಿ, ಹೊಲದಲ್ಲಿ ದುಡಿಯುವವರ ವಿಷಯ ಅದಕ್ಕೇಕೆ ಎಂಬ ತಕರಾರು ಫ್ರಾನ್ಸಿನಿಂದ ಬಂದಾಗ, ಕೃಷಿ ಕಾರ್ಮಿಕರೂ ಅದರ ವ್ಯಾಪ್ತಿಯೊಳಗೇ ಎಂದು ಆಗಿನ ಅಂತರರಾಷ್ಟ್ರೀಯ ಕಾಯಂ ನ್ಯಾಯಾಲಯ 1922ರಲ್ಲಿ ಹೇಳಿತು. ಡ್ಯಾನ್ಯೂಬ್ ನದಿ ಆಯೋಗದ ಕುರಿತ 1927ರ ಅಭಿಪ್ರಾಯದಲ್ಲಿ ಅದೇ ನ್ಯಾಯಾಲಯ ಮೇರೆಯನ್ನೂ ಎಳೆಯಿತು: ಸಂಸ್ಥೆ ರಾಷ್ಟ್ರದಂತಲ್ಲ, ವಹಿಸಿಕೊಟ್ಟ ಉದ್ದೇಶಕ್ಕಷ್ಟೇ ಅದರ ಕೈ ನಡೆಯುತ್ತದೆ. ಅಧಿಕಾರ ಹಿಗ್ಗಿಸುವ ಎಳೆ ಒಂದು, ಬಿಗಿಹಿಡಿಯುವ ಎಳೆ ಇನ್ನೊಂದು. ಇವೆರಡರ ಜಗ್ಗಾಟ ಇಂದಿಗೂ ನಿಂತಿಲ್ಲ.

ಸನ್ನದು ಮತ್ತು ರೂಢಿ

1945ರ ಜೂನ್ 26ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದವರಲ್ಲಿ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಒಬ್ಬರು. ಮರುವರ್ಷ ಅವರು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು. ವಿಶ್ವ ಆರೋಗ್ಯ ಸಂಸ್ಥೆಯ ಹುಟ್ಟಿಗೆ ಕಾರಣವಾದ ಸಮ್ಮೇಳನ ಕರೆಯಲು ತೀರ್ಮಾನಿಸಿದ್ದು ಆ ಮಂಡಳಿಯೇ. ಅದೇ ವರ್ಷ ಅವರು ಮೈಸೂರಿನ ದಿವಾನರಾಗಿ ಬಂದರು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರಿಗೆ ಈ ಕಾನೂನಿನೊಂದಿಗೆ ಇನ್ನೂ ನೇರವಾದ ನಂಟು. ಭಾರತದ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಅವರು ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲಿ ಒಬ್ಬರು. ಮುಂದೆ ಹೇಗ್ ನ್ಯಾಯಾಲಯದ ನ್ಯಾಯಾಧೀಶರೂ ಆದರು.

ಕೊರಿಯಾ ಯುದ್ಧ ಸಿಡಿದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಬಿ.ಎನ್. ರಾಯರು. ಚೀನಾದ ಸ್ಥಾನ ಯಾರಿಗೆ ಸಲ್ಲಬೇಕೆಂಬ ಜಗಳದಲ್ಲಿ ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆಗಳನ್ನು ಬಹಿಷ್ಕರಿಸಿತ್ತು. ಕಾಯಂ ಸದಸ್ಯರ ಸಮ್ಮತಿಯ ಮತ ಬೇಕು ಎಂದು ಸನ್ನದಿನ 27ನೇ ವಿಧಿ ಹೇಳುತ್ತದೆ. ಕಾಯಂ ಸದಸ್ಯ ಬಾರದೇ ಇದ್ದರೆ ನಿರ್ಣಯ ಊರ್ಜಿತವೆ? ಮಂಡಳಿ ಊರ್ಜಿತ ಎಂದೇ ನಡೆದುಕೊಂಡಿತು. ಹಾಜರಿದ್ದೂ ಮತ ಹಾಕದೆ ಉಳಿದರೆ ಅದು ನಿರ್ಣಯಕ್ಕೆ ಅಡ್ಡಿಯಲ್ಲ ಎಂಬ ರೂಢಿಯೂ ಬೆಳೆಯಿತು. ಅದನ್ನು ನ್ಯಾಯಾಲಯ 1971ರ ನಮೀಬಿಯಾ ಅಭಿಪ್ರಾಯದಲ್ಲಿ ಎತ್ತಿಹಿಡಿಯಿತು. ಸನ್ನದಿನ ಪಠ್ಯವನ್ನಷ್ಟೇ ಓದಿದವರಿಗೆ ಇದು ಸಿಗುವುದಿಲ್ಲ. ಸಂಸ್ಥೆ ನಡೆಯುವ ರೀತಿಯೇ ಅದರ ಕಾನೂನನ್ನು ಬದಲಿಸುತ್ತದೆ. ಕಾನೂನು ಮತ್ತು ಕಾರ್ಯವೈಖರಿಯನ್ನು ಒಟ್ಟಿಗೆ ಓದಬೇಕಾದ ಕಾರಣ ಇದೇ.

ಇಂಥದೇ ಇನ್ನೊಂದು ಪಾಠ ಹಣದಿಂದ ಬಂತು. ಸೂಯೆಜ್ ಬಿಕ್ಕಟ್ಟಿಗೂ ಕಾಂಗೋಗೂ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆ ಕಳಿಸಿತು. ಎರಡೂ ಕಡೆ ಭಾರತದ ಸೈನಿಕರಿದ್ದರು. ಸನ್ನದಿನಲ್ಲಿ ಹೆಸರೇ ಇಲ್ಲದ ಈ ಪಡೆಗಳಿಗೆ ನಾವೇಕೆ ದುಡ್ಡು ಕೊಡಬೇಕು ಎಂದು ಸೋವಿಯತ್ ಒಕ್ಕೂಟ ತಕರಾರು ತೆಗೆಯಿತು, ಕಾಂಗೋ ವಿಷಯದಲ್ಲಿ ಫ್ರಾನ್ಸೂ ದನಿಗೂಡಿಸಿತು. 1962ರಲ್ಲಿ ನ್ಯಾಯಾಲಯ 9–5 ಬಹುಮತದಿಂದ ಇದು ಸಂಸ್ಥೆಯದೇ ಖರ್ಚು ಎಂದಿತು. ಆದರೂ ಹಣ ಬರಲಿಲ್ಲ. ಬಾಕಿದಾರರ ಮತದ ಹಕ್ಕು ಕಿತ್ತುಕೊಳ್ಳುವ ಪ್ರಶ್ನೆ ಎದ್ದಾಗ, 1964ರ ಮಹಾಸಭೆ ಮತದಾನವನ್ನೇ ಆದಷ್ಟು ತಪ್ಪಿಸಿಕೊಂಡು ಅಧಿವೇಶನ ನಡೆಸಬೇಕಾಯಿತು.

ಈ ದಶಕಗಳಲ್ಲೇ ಶಾಸ್ತ್ರಕ್ಕೆ ಗಟ್ಟಿ ಪಠ್ಯಗಳು ದೊರೆತವು. ವಿಲ್ಫ್ರೆಡ್ ಜೆಂಕ್ಸ್, ಡೆರೆಕ್ ಬೊವೆಟ್, ಹೆನ್ರಿ ಶೆರ್ಮರ್ಸ್ ಅವರು ಬಿಡಿ ಸಂಸ್ಥೆಗಳ ವಿವರದಿಂದ ಸಾಮಾನ್ಯ ನಿಯಮಗಳನ್ನು ಹೆಕ್ಕಿದರು: ಸದಸ್ಯತ್ವ, ಮತದಾನ, ಬಜೆಟ್, ನೌಕರರ ಹಕ್ಕು. ನಮ್ಮವರೂ ಹಿಂದೆ ಬೀಳಲಿಲ್ಲ. ಮುಂದೆ ಹೇಗ್ ನ್ಯಾಯಾಲಯದ ಅಧ್ಯಕ್ಷರಾದ ನಾಗೇಂದ್ರ ಸಿಂಗ್ ಸದಸ್ಯತ್ವ ಕೊನೆಗೊಳ್ಳುವ ಬಗೆಗಳ ಮೇಲೆ ಪುಸ್ತಕ ಬರೆದರು. ರಹಮತುಲ್ಲಾ ಖಾನ್ ವಿಶ್ವಸಂಸ್ಥೆಯ ಅಂತರ್ಗತ ಅಧಿಕಾರಗಳನ್ನು ಪರಿಶೀಲಿಸಿದರು. ಹೊಸದಾಗಿ ಸ್ವತಂತ್ರವಾದ ದೇಶಗಳ ಕಣ್ಣಿನಿಂದ ಇಡೀ ಅಂತರರಾಷ್ಟ್ರೀಯ ಕಾನೂನನ್ನು ನೋಡಿದ ಆರ್.ಪಿ. ಆನಂದ್ ದೆಹಲಿಯಲ್ಲಿ ಒಂದು ಪರಂಪರೆಯನ್ನೇ ಬೆಳೆಸಿದರು. ಅದೇ ಪರಂಪರೆಯ ಬಿ.ಎಸ್. ಚಿಮ್ನಿ 2004ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆಗಳ ಜಾಲ ಸಾಮ್ರಾಜ್ಯಶಾಹಿ ಸ್ವರೂಪದ ಜಾಗತಿಕ ಪ್ರಭುತ್ವವಾಗುತ್ತಿದೆ ಎಂದು ವಾದಿಸಿದರು. ಸಂಸ್ಥೆ ಎಂದರೆ ಒಳ್ಳೆಯದೇ ಎಂಬ ಹಳೆಯ ನಂಬಿಕೆಗೆ ಹಿಂದುಳಿದ ದೇಶಗಳ ಕಡೆಯಿಂದ ಬಂದ ಬಲವಾದ ಎದುರುತ್ತರ ಅದು.

ಭರವಸೆ ಬಿರಿದಾಗ

ಮೊದಲ ದೊಡ್ಡ ಆಘಾತ ಮಾರುಕಟ್ಟೆಯಿಂದ ಬಂತು. ತವರದ ಬೆಲೆ ಕುಸಿಯದಂತೆ ನೋಡಿಕೊಳ್ಳುತ್ತಿದ್ದ ಅಂತರರಾಷ್ಟ್ರೀಯ ತವರ ಮಂಡಳಿ 1985ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ದಿವಾಳಿಯೆದ್ದಿತು. ಕೋಟಿಗಟ್ಟಲೆ ಪೌಂಡ್ ಸಾಲ ಕೊಟ್ಟ ಬ್ಯಾಂಕುಗಳೂ ವ್ಯಾಪಾರಿಗಳೂ ಸದಸ್ಯ ಸರ್ಕಾರಗಳ ಬೆನ್ನು ಹತ್ತಿದರು. ಮಂಡಳಿಗೆ ಪ್ರತ್ಯೇಕ ವ್ಯಕ್ತಿತ್ವ ಇರುವಾಗ ಅದರ ಸಾಲಕ್ಕೆ ಸದಸ್ಯರು ಬಾಧ್ಯರಲ್ಲ ಎಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1989ರಲ್ಲಿ ತೀರ್ಪಿತ್ತಿತು. 1949ರಲ್ಲಿ ಸಂಸ್ಥೆಗೆ ಹಕ್ಕು ತಂದುಕೊಟ್ಟ ಅದೇ ವ್ಯಕ್ತಿತ್ವ ಇಲ್ಲಿ ಸದಸ್ಯ ರಾಷ್ಟ್ರಗಳಿಗೆ ಮರೆಯಾಯಿತು.

ಅಭಿವೃದ್ಧಿ ಸಾಲದ ಕಡೆಯಿಂದಲೂ ಪ್ರಶ್ನೆಗಳು ಎದ್ದವು, ಅದೂ ನಮ್ಮ ನದಿಗಳ ದಡದಿಂದ. ಸರ್ದಾರ್ ಸರೋವರ ಯೋಜನೆಯ ಬಗ್ಗೆ ವಿಶ್ವಬ್ಯಾಂಕ್ ನೇಮಿಸಿದ ಮೋರ್ಸ್ ಆಯೋಗ 1992ರಲ್ಲಿ ಬ್ಯಾಂಕಿನ ಲೋಪಗಳನ್ನೇ ಎತ್ತಿ ತೋರಿಸಿತು. ಮರುವರ್ಷ ಬ್ಯಾಂಕು ತಪಾಸಣಾ ಮಂಡಳಿಯೊಂದನ್ನು ಸ್ಥಾಪಿಸಿತು. ಯೋಜನೆಯಿಂದ ನೊಂದ ಜನ ನೇರವಾಗಿ ಅರ್ಜಿ ಹಾಕುವ ದಾರಿ ಹೀಗೆ ತೆರೆಯಿತು. ನಮ್ಮ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲೂ ಪುನರ್ವಸತಿ ಕುಂಟಿದ್ದರಿಂದ ಬ್ಯಾಂಕು ಅದೇ ದಶಕದಲ್ಲಿ ಸಾಲದ ಹಣ ತಡೆಹಿಡಿದದ್ದುಂಟು. ಮುಳುಗಡೆಯ ಹಳ್ಳಿಗೂ ವಾಷಿಂಗ್ಟನ್ನಿನ ಕಡತಕ್ಕೂ ಇರುವ ಈ ಸಂಬಂಧವನ್ನು ಅಧ್ಯಯನದ ವಿಷಯವಾಗಿಸಿದ್ದು ವಿದ್ವಾಂಸರಿಗಿಂತ ಮೊದಲು ಹೋರಾಟಗಾರರು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಹೈಟಿಯಲ್ಲಿ ನಡೆಯಿತು. 2010ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಹೊಲಸು ಆರ್ಟಿಬೊನೈಟ್ ನದಿಯ ಉಪನದಿಗೆ ಸೇರಿ ಕಾಲರಾ ಹಬ್ಬಿತು. ಸುಮಾರು 8 ಲಕ್ಷ ಜನ ಕಾಯಿಲೆ ಬಿದ್ದರು. ಅಧಿಕೃತ ಲೆಕ್ಕದಲ್ಲೇ 9 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಇಲ್ಲಿ 1946ರ ವಿಶೇಷ ಹಕ್ಕು ಮತ್ತು ವಿನಾಯಿತಿಗಳ ಒಪ್ಪಂದವನ್ನು ಬಿಡಿಸಿ ನೋಡಬೇಕು. ಭಾರತ ಇದಕ್ಕಾಗಿಯೇ 1947ರಲ್ಲಿ ಕಾಯ್ದೆ ಮಾಡಿದೆ. ತಾನೇ ವಿನಾಯಿತಿ ಬಿಟ್ಟುಕೊಡದ ಹೊರತು ವಿಶ್ವಸಂಸ್ಥೆಯ ಮೇಲೆ ಯಾವುದೇ ಬಗೆಯ ದಾವೆ ನಡೆಯದು ಎನ್ನುತ್ತದೆ ಒಪ್ಪಂದದ 2ನೇ ಸೆಕ್ಷನ್. ಖಾಸಗಿ ಸ್ವರೂಪದ ವ್ಯಾಜ್ಯಗಳಿಗೆ ತಕ್ಕ ಇತ್ಯರ್ಥದ ವ್ಯವಸ್ಥೆಯನ್ನು ಸಂಸ್ಥೆಯೇ ಮಾಡಬೇಕು ಎನ್ನುತ್ತದೆ 29ನೇ ಸೆಕ್ಷನ್. ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನು ತೆರೆಯಲೇಬೇಕೆಂಬ ಕರಾರು ಇದು. ಹೈಟಿಯೊಂದಿಗಿನ ಒಪ್ಪಂದದಲ್ಲಿ ಹಕ್ಕುಸಾಧನೆಯ ಆಯೋಗದ ಮಾತೂ ಇತ್ತು. ಆಯೋಗ ರಚನೆಯಾಗಲೇ ಇಲ್ಲ. ಸಂತ್ರಸ್ತರ ಅರ್ಜಿಗಳನ್ನು ಪರಿಗಣಿಸಲು ಬರುವುದಿಲ್ಲ ಎಂದು ವಿಶ್ವಸಂಸ್ಥೆ 2013ರಲ್ಲಿ ಉತ್ತರಿಸಿತು. ಅಮೆರಿಕದ ನ್ಯಾಯಾಲಯಗಳು ವಿನಾಯಿತಿಯನ್ನು ಎತ್ತಿಹಿಡಿದವು. 2016ರ ಡಿಸೆಂಬರ್‌ನಲ್ಲಿ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೇಳಿದರು. ಅದು ನೈತಿಕ ಹೊಣೆಯ ಮಾತಾಗಿತ್ತೇ ಹೊರತು ಕಾನೂನಿನ ಹೊಣೆ ಒಪ್ಪಿದ್ದಲ್ಲ.

ಗುಜರಾತಿನ ಮುಂದ್ರಾ ಉಷ್ಣ ವಿದ್ಯುತ್ ಸ್ಥಾವರದ ಪ್ರಕರಣ ಈ ವಿನಾಯಿತಿಯ ಗೋಡೆಯಲ್ಲಿ ಸಣ್ಣ ಬಿರುಕು ಮೂಡಿಸಿತು. ಸ್ಥಾವರಕ್ಕೆ ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಕಛ್ ಕರಾವಳಿಯ ಮೀನುಗಾರರು ಮತ್ತು ರೈತರು ನಿಗಮದ ಮೇಲೆ ವಾಷಿಂಗ್ಟನ್ನಿನಲ್ಲೇ ದಾವೆ ಹೂಡಿದರು. ಇಂಥ ಸಂಸ್ಥೆಗಳಿಗೆ ಸಂಪೂರ್ಣ ವಿನಾಯಿತಿ ಇಲ್ಲ, ವಿದೇಶಿ ಸರ್ಕಾರಗಳಿಗೆ ಇರುವಷ್ಟೇ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ 7–1ರಿಂದ ತೀರ್ಪು ಕೊಟ್ಟಿತು. ಸಿದ್ಧಾಂತ ಗೆದ್ದಿತು, ದಾವೆ ಸೋತಿತು: ದೂರಿನ ಮೂಲ ಅಮೆರಿಕದಲ್ಲಿ ನಡೆದ ವ್ಯವಹಾರವಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದವು.

ಮುಂದಿನ ಕೆಲಸ

ವಿದ್ವತ್ತು ಸುಮ್ಮನೆ ಕೂತಿಲ್ಲ. ಸಂಸ್ಥೆಗಳ ಹೊಣೆಗಾರಿಕೆಯ ಕುರಿತು ಅಂತರರಾಷ್ಟ್ರೀಯ ಕಾನೂನು ಆಯೋಗ 2011ರಲ್ಲಿ 67 ವಿಧಿಗಳ ಕರಡು ಮುಗಿಸಿತು. ಮೈಕೆಲ್ ಬಾರ್ನೆಟ್ ಮತ್ತು ಮಾರ್ಥಾ ಫಿನ್ನೆಮೋರ್ ಅವರಂಥ ರಾಜ್ಯಶಾಸ್ತ್ರಜ್ಞರು ಸಂಸ್ಥೆಗಳ ಒಳಗಿನ ಅಧಿಕಾರಶಾಹಿ ಹೇಗೆ ದಾರಿ ತಪ್ಪುತ್ತದೆ ಎಂದು ತೋರಿಸಿದರು. ಯಾನ್ ಕ್ಲಾಬರ್ಸ್ ಹಳೆಯ ಭರವಸೆಯ ಸಿದ್ಧಾಂತವನ್ನೇ ಪ್ರಶ್ನಿಸಿದರು. ಸಂಸ್ಥೆಗಳು ಒಂದು ಕಡೆ ಕಕ್ಷಿಯಾಗಿರುವ ವ್ಯಾಜ್ಯಗಳ ಇತ್ಯರ್ಥವನ್ನು ಆಯೋಗ ಈಗ ಕೈಗೆತ್ತಿಕೊಂಡಿದೆ. ಆಸ್ಟ್ರಿಯಾದ ಆಗಸ್ಟ್ ರೈನಿಶ್ ಅದರ ವಿಶೇಷ ವರದಿಗಾರರು.

ಇದರ ನಡುವೆ ಸಂಸ್ಥೆಗಳೇ ಸೊರಗುತ್ತಿವೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಸದಸ್ಯರ ನೇಮಕವಿಲ್ಲದೆ 2019ರ ಡಿಸೆಂಬರ್‌ನಿಂದ ಸ್ತಬ್ಧವಾಗಿದೆ. ಇಂಥ ಹೊತ್ತಲ್ಲಿ ಹೊಣೆಯ ಪ್ರಶ್ನೆ ಎತ್ತಿದರೆ ಸಂಸ್ಥೆಗಳು ಇನ್ನಷ್ಟು ದುರ್ಬಲವಾಗುತ್ತವೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೊಂದವರ ಅರ್ಜಿಗೆ ಉತ್ತರಿಸದ ಸಂಸ್ಥೆಯ ಪರವಾಗಿ ಕಷ್ಟಕಾಲದಲ್ಲಿ ಯಾವ ಜನರೂ ನಿಲ್ಲುವುದಿಲ್ಲ. ಈ ಶಾಸ್ತ್ರ ತನ್ನ ಮೊದಲ ನೂರು ವರ್ಷಗಳನ್ನು ಸಂಸ್ಥೆಗಳಿಗೆ ಬಲ ತುಂಬುವುದಕ್ಕೆ ಕೊಟ್ಟಿತು, ಅದು ಅಗತ್ಯವೂ ಆಗಿತ್ತು. ನಮ್ಮ ಕಾನೂನು ತರಗತಿಗಳಲ್ಲಿ ವಿಶ್ವಸಂಸ್ಥೆಯ ಅಂಗಗಳ ಪಟ್ಟಿಯ ಜೊತೆಗೆ 29ನೇ ಸೆಕ್ಷನ್, ತಪಾಸಣಾ ಮಂಡಳಿಯ ವರದಿ, ಮುಂದ್ರಾದ ತೀರ್ಪು ಪಾಠವಾಗಬೇಕು. ವಿನಾಯಿತಿ ಪಡೆದವರು ಪರಿಹಾರದ ದಾರಿಯನ್ನೂ ಒದಗಿಸಬೇಕು ಎಂಬ ಮಾತು 1946ರಲ್ಲೇ ಬರೆದು ಅಂಗೀಕಾರವಾಗಿದೆ. ಅದಕ್ಕೆ ಕಾಯಂ ವೇದಿಕೆ, ಕಾಲಮಿತಿ ಮತ್ತು ಹಣ ಒದಗಿಸಿಕೊಡುವುದೇ ಈ ಪೀಳಿಗೆಯ ಕಾನೂನು ಪಂಡಿತರ ಮುಂದಿರುವ ಕೆಲಸ.